ಫರಸಿಗೆ ಬಂದ ಬಡ್ತಿ

ನಮ್ಮ ಸೀಮೆಯ ಮನೆಗಳಿಗೆ ಟೇಬಲ್ಲು ಎಂಬುದು ತಡವಾಗಿ ಬಂತು. ಬಂದ ಮೇಲೂ ತನಗೇನು ಕೆಲಸವೆಂದು ತಿಳಿಯದೆ ಬಹಳ ದಿನ ಗೋಡೆಗೆ ಆತುಕೊಂಡು ನಿಂತಿತು. ಅದರದೇನೂ ತಪ್ಪಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಯಾವ ಹಳೆಯ ಮನೆಗೆ ಕಾಲಿಟ್ಟರೂ ಕಾಲಿಟ್ಟದ್ದು ಫರಸಿಯ ಮೇಲೆ, ಎಂದರೆ ಹಾಸುಗಲ್ಲಿನ ಮೇಲೆ. ಕೂತರೆ ಕಟ್ಟೆಯ ಮೇಲೆ, ಆ ಕಟ್ಟೆಗೂ ಫರಸಿ. ಅಂಗಳ, ಮೆಟ್ಟಿಲು, ಬಚ್ಚಲು, ದನದ ಕೊಟ್ಟಿಗೆ, ನೀರಿನ ಕೊಡ ಇಡುವ ಜಾಗ, ಗೋಡೆಯ ಗೂಡಿನೊಳಗಿನ ಹಲಗೆ, ಎಲ್ಲವೂ ಶಹಾಬಾದ ಕಲ್ಲು. ತಲೆ ಎತ್ತಿ ನೋಡಿದರೆ ತೊಲೆಗಳ ಮೇಲೆ ಚಪ್ಪಡಿ ಹಾಸಿದ ಮಾಳಿಗೆ. ಹೊಲದ ದಾರಿ ಹಿಡಿದರೆ ಬೇಲಿಯ ಬದಲು ಸಾಲಾಗಿ ನಿಲ್ಲಿಸಿದ ಚಪ್ಪಡಿಗಳು. ಹೀಗೆ ಕೆಳಗೆ ಮೇಲೆ ಆಚೆ ಈಚೆ ಎಲ್ಲ ಕಡೆ ಚಪ್ಪಟೆ ಜಾಗವೇ ಇರುವಾಗ, ಚಹಾದ ಕಪ್ಪು-ಬಸಿ ಇಡುವುದಕ್ಕೆಂದು ನಾಲ್ಕು ಕಾಲಿನ ಮತ್ತೊಂದು ಚಪ್ಪಟೆ ಜಾಗವನ್ನು ರೊಕ್ಕ ಕೊಟ್ಟು ತರುವ ವಿಚಾರ ಯಾರಿಗೂ ಹೊಳೆದಿರಲಿಲ್ಲ.

ಟೀಪಾಯಿ ನಮ್ಮಲ್ಲಿಗೆ ಬಂದದ್ದು ಮದುವೆಯ ಸಾಮಾನಿನ ಜೊತೆ. ಅಲಮಾರಿ, ಮಂಚ, ಗಾದಿ, ಹಂಡೆ, ಕೊಡಗಳನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿದ ಮೇಲೆ ಉಳಿದ ಸಂದಿಯಲ್ಲಿ ಅದನ್ನು ತಲೆಕೆಳಗು ಮಾಡಿ ತುರುಕುತ್ತಿದ್ದರು. ಮನೆಗೆ ಬಂದ ಮೇಲೆ ಅದಕ್ಕೆ ಮದುಮಗಳೇ ಹೆಣೆದ ಕ್ರೋಶಾದ ಹೊದಿಕೆ, ಹೊದಿಕೆಯ ಮೇಲೆ ಗಾಜು, ಗಾಜಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಬಂದವರಿಗೆ ಚಹಾ ಕೈಗೇ ಕೊಡುತ್ತಾರೆ. ಕುಡಿದಾದ ಮೇಲೆ ಅವರು ಮರ್ಯಾದೆಯಿಂದ ಬಸಿಯನ್ನು ಟೀಪಾಯಿಯ ಕಡೆ ಒಯ್ದರೆ ‘ಇತ್ಲಾಗ ಕೊಡ್ರಿ, ಇತ್ಲಾಗ ಕೊಡ್ರಿ’ ಎಂದು ಮನೆಯವರು ಓಡಿ ಬರುತ್ತಾರೆ. ಟೀಪಾಯಿಯ ಮೇಲೆ ಏನನ್ನೂ ಇಡಬಾರದು ಎಂಬುದು ಈ ಭಾಗದ ಅಲಿಖಿತ ಕಾಯದೆ.

ಇಂಥ ಕಾಯದೆಯಲ್ಲಿ ಬೆಳೆದ ನನಗೆ, ನಿವೃತ್ತನಾಗಿ ಸೇಡಮ್ಮಿನಲ್ಲಿ ಪೆನ್ಶನ್ ತಿನ್ನುತ್ತ ಕೂತಿರುವ ವಿಜ್ಞಾನದ ಮಾಸ್ತರನಿಗೆ, ಟೀಪಾಯಿಯ ಹುಚ್ಚು ಹಿಡಿಸಿದವನು ಪುಣೆಯಲ್ಲಿರುವ ತಂಗಿಯ ಮಗ. ಅವನು ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಓಕ್ ಮರದ ಸಣ್ಣ ಮೇಜು. ಕಾಲುಗಳು ನೆಟ್ಟಗೆ, ದಪ್ಪಗೆ. ಬಳ್ಳಿ, ಸುರುಳಿ, ಸಿಂಹದ ಪಂಜಾ ಏನೂ ಇಲ್ಲ. ಕೂಟಗಳು ಮುಚ್ಚಿಲ್ಲ. ಒಂದು ಕಟ್ಟಿಗೆ ಇನ್ನೊಂದರೊಳಗಿಂದ ತೂರಿ ಆಚೆ ಬಂದದ್ದು, ಅದಕ್ಕೆ ಬೆಣೆ ಹೊಡೆದದ್ದು ಕಣ್ಣಿಗೆ ಕಾಣುತ್ತದೆ. ಮೇಲಿನ ಹಲಗೆಯ ನಡುವೆ ಮಾತ್ರ ಚೌಕಟ್ಟು ಕೊರೆದು ಮಾಸಲು ಹಸಿರಿನ ನಾಲ್ಕು ಟೈಲ್ಸ್ ಕೂಡಿಸಿದ್ದಾರೆ. ‘ಮಾಮಾ, ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಅಂತಾರ ಇದಕ್ಕ. ನೂರು ವರ್ಷದ ಹಿಂದಿನದು. ಈಗ ಇದರ ರೇಟ್ ಕೇಳಿದ್ರ ನಿನ್ನ ಗ್ರಾಚ್ಯುಟಿ ಸಾಲಂಗಿಲ್ಲ’ ಎಂದು ಕೆಳಗೆ ಬರೆದಿದ್ದ. ಗ್ರಾಚ್ಯುಟಿಯ ಮಾತು ಬಂದರೆ ನಿವೃತ್ತ ಮನುಷ್ಯ ಸುಮ್ಮನೆ ಕೂಡುವುದು ಕಷ್ಟ. ಓದಲು ಶುರುಮಾಡಿದೆ.

ಓದಿದಷ್ಟೂ ಆ ಮಂದಿ ಹಿಡಿಸಿದರು. ಇಂಗ್ಲೆಂಡಿನಲ್ಲಿ ಉಗಿಯಂತ್ರಗಳ ಅಬ್ಬರ ಏರಿ, ಮನೆಯ ಸಾಮಾನೆಲ್ಲ ಕಾರ್ಖಾನೆಯಲ್ಲಿ ತಯಾರಾಗಿ, ಮೇಲೆ ಸುಳ್ಳು ಕೆತ್ತನೆ ಅಂಟಿಸಿಕೊಂಡು ಬರತೊಡಗಿದಾಗ ಹೊಟ್ಟೆ ಉರಿದುಕೊಂಡವರು ಇವರು. ಜಾನ್ ರಸ್ಕಿನ್ ವೆನಿಸ್ಸಿನ ಕಲ್ಲುಗಳ ಮೇಲೆ 1851ರಿಂದ 1853ರೊಳಗೆ ಮೂರು ಸಂಪುಟ ಬರೆದ. ಕೆಲಸದಲ್ಲಿ ಕೆಲಸಗಾರನ ಕೈಯೂ ಮನಸ್ಸೂ ಕಾಣಬೇಕು, ನುಣುಪಿಗಿಂತ ಅದು ದೊಡ್ಡದು ಎಂದು ಅವನ ವಾದ. ಅದನ್ನು ಓದಿ ತಲೆ ಕೆಡಿಸಿಕೊಂಡ ವಿಲಿಯಂ ಮಾರಿಸ್ 1861ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕುರ್ಚಿ, ಪರದೆ, ಗೋಡೆಯ ಕಾಗದ, ಬಣ್ಣದ ಗಾಜು ಮಾಡುವ ಕಂಪನಿ ತೆಗೆದ. ಅವನ ಗೆಳೆಯ ವಿಲಿಯಂ ಡಿ ಮಾರ್ಗನ್ ಟೈಲ್ಸ್ ಸುಟ್ಟುಕೊಟ್ಟ. ಚಳವಳಿಗೆ ಹೆಸರು ಬಂದದ್ದು 1887ರಲ್ಲಿ ಹುಟ್ಟಿದ ಒಂದು ಪ್ರದರ್ಶನ ಸಂಘದಿಂದ. ಅಲ್ಲಿಂದ ಅದು ಸಮುದ್ರ ದಾಟಿ ಅಮೆರಿಕಕ್ಕೆ ಹೋಯಿತು. ಗುಸ್ತಾವ್ ಸ್ಟಿಕ್ಲಿ ಎಂಬಾತ ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ಯಾಗಾರ ಇಟ್ಟು, ಬಾಸ್ಟನ್ನಿನ ಗ್ರೂಬಿ ಕಂಪನಿಯ ಮಾಸಲು ಹಸಿರು ಟೈಲ್ಸನ್ನು ಮೇಜಿನ ಮೇಲೆ ಕೂಡಿಸಿದ. ಅಳಿಯ ಕಳಿಸಿದ ಚಿತ್ರದ ಮೂಲ ಅಲ್ಲಿದೆ. ಸ್ಟಿಕ್ಲಿ 1901ರಲ್ಲಿ ಒಂದು ಪತ್ರಿಕೆಯನ್ನೂ ತೆಗೆದು, ಓದುಗರು ಮನೆಯಲ್ಲೇ ಮಾಡಿಕೊಳ್ಳಲೆಂದು ಮೇಜು ಕುರ್ಚಿಗಳ ನಕ್ಷೆ ಅಚ್ಚುಹಾಕಿದ. ತನ್ನ ಗಿರಾಕಿಗೆ ತಾನೇ ವಿದ್ಯೆ ಹೇಳಿಕೊಟ್ಟ ವ್ಯಾಪಾರಿಯ ಗತಿ ಏನಾದೀತು? 1915ರಲ್ಲಿ ದಿವಾಳಿ ಎದ್ದ. ದಿವಾಳಿಗೆ ಬೇರೆ ಕಾರಣಗಳೂ ಇದ್ದವು, ಆದರೆ ನಾನು ಮಾಸ್ತರ, ನನಗೆ ಈ ಕಾರಣವೇ ಇಷ್ಟ.

ಇವರ ಸಂಕಟ ಒಂದೇ. ಎಲ್ಲರ ಮನೆಗೂ ಕೈಯಿಂದ ಮಾಡಿದ, ಸುಳ್ಳಿಲ್ಲದ, ಗಟ್ಟಿ ಸಾಮಾನು ಸಿಗಬೇಕೆಂದು ಹೊರಟರು. ಕೈಕೆಲಸಕ್ಕೆ ಕೂಲಿ ಹೆಚ್ಚಾಯಿತು, ಬೆಲೆ ಏರಿತು, ಕೊನೆಗೆ ಕೊಂಡವರು ಶ್ರೀಮಂತರು. ಸಮಾಜವಾದಿಯಾದ ಮಾರಿಸ್ ತನ್ನ ಜೀವಮಾನವೆಲ್ಲ ಸಾಹುಕಾರರ ಗೋಡೆಗೆ ಕಾಗದ ಹಚ್ಚಿಸಿದ. ಸಿಂಹಳದ ಆನಂದ ಕುಮಾರಸ್ವಾಮಿ ಇದೇ ಗಾಳಿಯಲ್ಲಿ ಇಂಗ್ಲೆಂಡಿನಲ್ಲಿ ಇದ್ದು, ಮಾರಿಸ್ ಬಳಸಿದ್ದ ಅಚ್ಚಿನ ಯಂತ್ರದಲ್ಲೇ 1908ರಲ್ಲಿ ಸಿಂಹಳದ ಕಲೆಯ ಮೇಲಿನ ದೊಡ್ಡ ಗ್ರಂಥ ಮುದ್ರಿಸಿದ, ಮರುವರ್ಷ ಭಾರತದ ಕುಶಲಕರ್ಮಿಯ ಬಗ್ಗೆ ಪುಸ್ತಕ ಬರೆದ. ನೀವು ಅಲ್ಲಿ ಕನಸು ಕಾಣುತ್ತಿರುವುದು ನಮ್ಮ ಹಳ್ಳಿಯ ಬಡಿಗ, ಕಂಬಾರರಲ್ಲಿ ಇದೆಯಲ್ಲ ಎಂಬ ಧಾಟಿ ಅವನದು. ಅದು 1909ರ ಮಾತು. ಈಗಿನ ಬಡಿಗರನ್ನು ಕಾಣುವ ಮುಂಚೆ ನಾನು ಟೈಲ್ಸ್ ಹುಡುಕಬೇಕಿತ್ತು.

ಕಲಬುರಗಿಯ ಒಂದು ದೊಡ್ಡ ಅಂಗಡಿಗೆ ಹೋದೆ. ಗುಜರಾತಿನ ಮೊರ್ಬಿಯಿಂದ ಬಂದ ಟೈಲ್ಸು, ಮುಖ ನೋಡಿಕೊಳ್ಳುವಷ್ಟು ಹೊಳಪು. ಇಷ್ಟು ಹೊಳಪು ಬೇಡ, ಸ್ವಲ್ಪ ಮಾಸಲಾಗಿರಲಿ, ಸಹಜವಾಗಿರಲಿ ಎಂದೆ. ಹುಡುಗ ಉತ್ಸಾಹದಿಂದ ಒಳಗೆ ಓಡಿ ಒಂದು ಡಬ್ಬಿ ತಂದು ಬಿಚ್ಚಿದ. ‘ಸರ್, ಇದು ಲೇಟೆಸ್ಟ್. ನ್ಯಾಚುರಲ್ ಸ್ಟೋನ್ ಲುಕ್.’ ನೋಡಿದರೆ ನಮ್ಮ ಫರಸಿ! ಬೂದು ನೀಲಿ ಬಣ್ಣ, ಅಲ್ಲಲ್ಲಿ ಹಳದಿ ಛಾಯೆ, ಪದರು ಎದ್ದಂತೆ ಸಣ್ಣ ಒರಟು. ಸಾವಿರ ಕಿಲೋಮೀಟರ್ ಆಚೆ ಮಣ್ಣು ಸುಟ್ಟು, ಅದರ ಮೇಲೆ ಕಲ್ಲಿನ ಫೋಟೊ ಅಚ್ಚೊತ್ತಿ, ಆ ಕಲ್ಲು ಹುಟ್ಟುವ ಜಿಲ್ಲೆಗೇ ತಂದು ಮಾರುತ್ತಿದ್ದಾರೆ. ರೇಟು ಕೇಳಿದೆ. ನಿಜವಾದ ಕಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಮಾರಿಸ್ ಇದ್ದಿದ್ದರೆ ಅಲ್ಲೇ ಕುಸಿದು ಕೂಡುತ್ತಿದ್ದ, ಕೂಡಲು ಅಂಗಡಿಯವರು ಸ್ಟೂಲು ಕೊಡುತ್ತಿದ್ದರು, ಅದು ಪ್ಲಾಸ್ಟಿಕ್ಕಿನದು.

ಅಂಗಡಿಯಿಂದ ಹೊರಬಿದ್ದಾಗ ನನ್ನ ತಲೆಯೊಳಗೆ ವಿಷಯ ತಿರುಗಿ ನಿಂತಿತ್ತು. ಎಲ್ಲರಿಗೂ ಸಿಗುವ, ಕೈಯಿಂದ ಎಬ್ಬಿಸಿದ, ಮೋಸವಿಲ್ಲದ ವಸ್ತು ಎಂದು ಆ ಇಂಗ್ಲಿಷಿನವರು ಅಷ್ಟು ಸಂಪುಟ ಬರೆದು ಪರದಾಡಿದರಲ್ಲ, ಅದು ನಮ್ಮ ಈ ಸೀಮೆಯಲ್ಲಿ ಬಡವನ ಬಚ್ಚಲಿನಲ್ಲೂ ಇದೆ. ಇರುವುದರಿಂದಲೇ ಯಾರೂ ಅದನ್ನು ನೋಡುವುದಿಲ್ಲ. ಸಾಹುಕಾರನಾದವನು ಮೊದಲು ಮಾಡುವ ಕೆಲಸ ಫರಸಿ ಕಿತ್ತು ಟೈಲ್ಸ್ ಹಾಕಿಸುವುದು. ಆಮೇಲೆ ಬೇಸಿಗೆಯ ಮಧ್ಯಾಹ್ನ ಹಿತ್ತಲ ಫರಸಿ ಹುಡುಕಿಕೊಂಡು ಹೋಗಿ ಮಲಗುವುದು.

ಹೀಗೆ ಟೈಲ್ಸಿನ ಜಾಗಕ್ಕೆ ಫರಸಿ ಎಂದು ನಿಶ್ಚಯವಾಯಿತು. ಸೇಡಮ್ಮಿನ ಸುತ್ತಲೂ ಕಲ್ಲಿಗೇನು ಕಮ್ಮಿಯಿಲ್ಲ, ಆದರೂ ಹೆಸರು ಕೊಟ್ಟ ಊರಿನಿಂದಲೇ ತರಬೇಕೆಂದು ಶಹಾಬಾದಕ್ಕೆ ಹೋದೆ. ಊರು ಹತ್ತಿರ ಬಂದಂತೆ ರಸ್ತೆಯ ಎರಡೂ ಬದಿಗೆ ಒಡೆದ ಚೂರುಗಳ ದಿಬ್ಬಗಳು, ಪಾಲಿಶಿನ ಬಿಳಿ ಕೆಸರು, ಲಾರಿಗಳು. ಒಂದು ಖಣಿಯ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಮೇಲೆ ಎರಿ ಮಣ್ಣು. ಅದರ ಕೆಳಗೆ, ಬಟ್ಟೆಯಲ್ಲಿ ಕಟ್ಟಿಟ್ಟ ಖಡಕ್ ರೊಟ್ಟಿಗಳ ಹಾಗೆ, ಒಂದರ ಮೇಲೊಂದು ಕಲ್ಲಿನ ಪದರು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಸುಣ್ಣದ ಕೆಸರು ಕೂತು ಕೂತು ಗಟ್ಟಿಯಾದದ್ದು ಇದು. 1872ರಲ್ಲಿ ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ಇದಕ್ಕೆಲ್ಲ ಸೇರಿಸಿ ಭೀಮಾ ಶ್ರೇಣಿ ಎಂದು ಹೆಸರಿಟ್ಟ. ಆ ಮೇಲೆ ನೆಲ ಹೆಚ್ಚು ಅಲುಗಾಡಿಲ್ಲ, ಅದಕ್ಕೇ ಪದರುಗಳು ಬಹುಮಟ್ಟಿಗೆ ಅಡ್ಡಡ್ಡಲಾಗಿಯೇ ಉಳಿದಿವೆ. ಕಾರ್ಮಿಕ ಮಾಡುವುದಿಷ್ಟೆ: ಪದರಿನ ಸಂದು ಹುಡುಕಿ ಉಳಿ ಹೊಡೆದು, ಹಾರಿ ತುರುಕಿ ಮೀಟುತ್ತಾನೆ. ‘ಇಷ್ಟೆ’ ಎಂದು ನಾನು ಅಂಚಿನಲ್ಲಿ ನೆರಳಿಗೆ ನಿಂತು ಬರೆಯುತ್ತಿದ್ದೇನೆ. ಕೆಳಗೆ ಇಳಿದವರಿಗೆ ಮೇ ತಿಂಗಳಿನಲ್ಲಿ ಬಿಸಿಲು ಮೇಲಿಂದಲೂ ಕಲ್ಲಿನಿಂದಲೂ ಹೊಡೆಯುತ್ತದೆ. ಕೆಲಸದಲ್ಲಿ ಸಂತೋಷವಿರಬೇಕೆಂದ ರಸ್ಕಿನ್‌ನನ್ನು ಅಲ್ಲಿ ನೆನೆಯುವ ಧೈರ್ಯ ನನಗಾಗಲಿಲ್ಲ.

ಪಾಲಿಶ್ ಕಾರ್ಖಾನೆಯ ಮಾಲೀಕರು ಸಭ್ಯರು. ಕುರ್ಚಿ ಕೊಟ್ಟು, ‘ಎಷ್ಟು ಬೇಕ್ರಿ? ಮನಿ ಕಟ್ಲತ್ತೀರೇನು?’ ಎಂದು ಕೇಳಿದರು.

‘ಒಂದು ಫೂಟು.’

‘ಒಂದು ಫೂಟಿನ ಸೈಜಿನಾಗ ಎಷ್ಟು ನೂರು ಫೂಟ್ರಿ?’

‘ಒಟ್ಟು ಒಂದು ಚದರ ಫೂಟು. ಆರಿಂಚಿನ ನಾಲ್ಕು ತುಂಡು. ಎರಡು ನೀಲಿ, ಎರಡು ಹಳದಿ.’

ಅವರು ನನ್ನನ್ನು ಒಮ್ಮೆ, ಹೊರಗೆ ಲೋಡಾಗುತ್ತಿದ್ದ ಲಾರಿಯನ್ನು ಒಮ್ಮೆ ನೋಡಿದರು. ಆಮೇಲೆ ಹುಡುಗನನ್ನು ಕರೆದು, ‘ಮಾಸ್ತರಿಗಿ ಚಾ ಹೇಳು’ ಎಂದರು. ಚಹಾ ಬರುವುದರೊಳಗೆ ಹುಡುಗ ಚೂರುಗಳ ರಾಶಿಯಿಂದ ಎರಡು ಆರಿಸಿ, ಯಂತ್ರಕ್ಕೆ ಕೊಟ್ಟು ನಾಲ್ಕು ಮಾಡಿ, ಒಡೆದರೆ ಇರಲೆಂದು ಮತ್ತೆರಡು ಸೇರಿಸಿ ತಂದ. ರೊಕ್ಕ ಎಷ್ಟೆಂದರೆ ಮಾಲೀಕರು ಕೈಯಾಡಿಸಿದರು. ‘ಇದಕ್ಕ ಬಿಲ್ ಹ್ಯಾಂಗ ಬರೀಬೇಕ್ರಿ? ಒಯ್ರಿ. ಆದ್ರ ಇದು ಎಲ್ಲಿಗಿ ಹಚ್ಚತೀರಿ, ಅದೊಂದು ಹೇಳ್ರಿ.’ ಟೀಪಾಯಿಯ ಮೇಲೆ ಎಂದೆ. ‘ಕಾಲಾಗಿನ ಕಲ್ಲ ಟೇಬಲ್ ಮ್ಯಾಲ?’ ಎಂದು ಅವರು ನಕ್ಕಿದ್ದು ಜೀವಮಾನವೆಲ್ಲ ಆ ಕಲ್ಲನ್ನು ಮಾರಿದವರ ನಗು. ಅದರಲ್ಲಿ ಕಲ್ಲಿನ ಮೇಲೆ ಪ್ರೀತಿ ಇರಲಿಲ್ಲವೆಂದು ಮಾತ್ರ ನಾನು ಹೇಳಲಾರೆ. ಹೊರಡುವಾಗ ನೀಲಿ ತುಂಡನ್ನು ಅಂಗಿಯ ತೋಳಿನಿಂದ ಒರೆಸಿ ಕೊಟ್ಟರು.

ಇಪ್ಪತ್ತು ಮಿಲಿಮೀಟರ್ ದಪ್ಪದ ಒಂದು ಚದರ ಅಡಿ ಸುಣ್ಣದಕಲ್ಲು ಸುಮಾರು ಐದು ಕಿಲೋ ತೂಗುತ್ತದೆ. ಸಾಂದ್ರತೆಯ ಪಾಠವನ್ನು ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಟ್ಟವನಿಗೆ ಅದು ಗೊತ್ತಿದ್ದೂ ಕೈಚೀಲದ ಹಿಡಿಕೆಗೆ ಗೊತ್ತಿರಲಿಲ್ಲ. ಶಹಾಬಾದದಿಂದ ಸೇಡಮ್ಮಿಗೆ ರೈಲಿನಲ್ಲಿ ಬರುವಾಗ ವಾಡಿಯಲ್ಲಿ ಇಳಿದು ಗಾಡಿ ಬದಲಿಸಬೇಕಾಯಿತು. ವಾಡಿ ಜಂಕ್ಷನ್ನಿನಲ್ಲಿ ಕಾಯದೆ ಈ ಭಾಗದ ಯಾರ ಬದುಕೂ ಪೂರ್ತಿಯಾಗುವುದಿಲ್ಲ. ಮುಂಬಯಿಯ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು, 1874ರಲ್ಲಿ ನಿಜಾಮರು ವಾಡಿಯಿಂದ ಸಿಕಂದರಾಬಾದಿಗೆ ತಮ್ಮ ಹಳಿ ಹಾಕಿಸಿದರು. ಆ ಹಳಿಗಳ ಮೇಲೆಯೇ ಶಹಾಬಾದದ ಕಲ್ಲು ಊರೂರಿಗೆ ಹೋಗಿ ಪುಣೆ ಮುಂಬಯಿಯ ವಾಡೆ-ಚಾಳುಗಳ ನೆಲವಾಯಿತು. ಮರಾಠಿಯವರಿಗೆ ಇಂದಿಗೂ ಶಹಾಬಾದಿ ಎಂದರೆ ಊರಲ್ಲ, ಫರಸಿ. ಈ ಪದರು ಸೇಡಮ್ಮಿಗೆ ನಿಲ್ಲದೆ ಮುಂದಕ್ಕೂ ಹೋಗಿದೆ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಗುಲ್ಬರ್ಗಾ ಎನ್ನುತ್ತಿದ್ದ ನಮ್ಮ ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕಲ್ಲಿಗೆ ಯಾರೂ ಕೇಳಲಿಲ್ಲ. ಗಡಿಯಿಂದ ಈಚೆ ತೆಗೆದರೆ ಶಹಾಬಾದ ಕಲ್ಲು, ಆಚೆ ತೆಗೆದರೆ ತಾಂಡೂರು ಕಲ್ಲು ಎಂದು ಎರಡು ಹೆಸರಿನಲ್ಲಿ ಪೈಪೋಟಿಗೆ ಬಿದ್ದಿದೆ.

ಕಲ್ಲಿಗೆ ಇನ್ನೊಂದು ಹಣೆಬರಹವೂ ಇದೆ. ಚಪ್ಪಡಿಯಾಗಿ ಏಳದೆ ಉಳಿದದ್ದು ಸಿಮೆಂಟಾಗುತ್ತದೆ. ಶಹಾಬಾದದಲ್ಲಿ 1920ರ ದಶಕದಲ್ಲೇ, ನಿಜಾಮರ ಆಳಿಕೆಯಲ್ಲಿ, ಸಿಮೆಂಟ್ ಕಂಪನಿ ಎದ್ದಿತ್ತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ಆಮೇಲೆ ವಾಡಿ, ಮಳಖೇಡ, ಸೇಡಂ, ಎಲ್ಲ ಕಡೆ ಚಿಮಣಿಗಳು. ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಕಾಗಿಣಾ ದಂಡೆಯ ಆ ಕೋಟೆಯ ಕಲ್ಲನ್ನೂ, ಪಕ್ಕದ ಕಾರ್ಖಾನೆಯ ಚೀಲವನ್ನೂ ಒಂದೇ ನೆಲ ಕೊಟ್ಟಿದೆ. ನಾನೂ ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಇದನ್ನೆಲ್ಲ ಯೋಚಿಸುತ್ತ ಕೂತಿದ್ದೆ. ಗಾಡಿ ಬಂತು. ಎದುರಿನ ಸೀಟಿನ ಅವ್ವ ಒಬ್ಬಾಕೆ ಜಾಗ ಮಾಡಿಕೊಡಲು ನನ್ನ ಚೀಲವನ್ನು ಸರಿಸಹೋದಳು. ಅದು ಸರಿಯಲಿಲ್ಲ.

‘ಯಪ್ಪೋ, ಏನ್ ಕಲ್ಲ ತುಂಬೀಯೇನೋ ತಮ್ಮಾ ಇದ್ರಾಗ?’

‘ಹೌದಬೇ, ಕಲ್ಲೇ ಅದ.’

ಆಕೆ ಚೀಲದ ಬಾಯಿ ಅಗಲಿಸಿ ಇಣುಕಿದಳು. ‘ಫರಸಿ! ಶಹಾಬಾದದಿಂದ ಸೇಡಮ್ಮಿಗಿ ಫರಸಿ ಒಯ್ಲತ್ತೀ?’ ಎಂದು ಬೋಗಿಗೆಲ್ಲ ಕೇಳುವಂತೆ ಹೇಳಿದಳು. ಚಿತ್ತಾಪುರ ದಾಟುವ ತನಕ ಆ ಬೋಗಿಯಲ್ಲಿ ಬೇರೆ ವಿಷಯ ನಡೆಯಲಿಲ್ಲ.

ಚಿತ್ತಾಪುರದ ಹೆಸರು ಬಂದಾಗ ಆ ತಾಲ್ಲೂಕಿನ ಸನ್ನತಿಯನ್ನು ನೆನೆಯದೆ ಮುಂದೆ ಹೋಗಬಾರದು. ಭೀಮೆಯ ದಂಡೆಯ ಆ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿಯಿತು. ಮೂರ್ತಿ ಒಡೆದು ಪೀಠ ಬಯಲಾದಾಗ ಆ ಪೀಠದ ಚಪ್ಪಡಿಯಲ್ಲಿ ಕಂಡದ್ದು ಅಶೋಕನ ಶಾಸನ. ಯಾವುದೋ ಕಾಲದ ನಮ್ಮ ಕುಶಲಕರ್ಮಿ ಹದವಾದ ಚಪ್ಪಡಿ ಸಿಕ್ಕಿತೆಂದು, ಚಕ್ರವರ್ತಿಯ ಅಕ್ಷರಗಳ ನಡುವೆಯೇ ಮೂರ್ತಿ ಕೂಡಿಸಲು ತೂತು ಕೊರೆದಿದ್ದ. ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ಬೌದ್ಧ ಸ್ತೂಪವೇ ಸಿಕ್ಕಿತು. ಅದಕ್ಕೆ ಸುತ್ತ ಹೊದಿಸಿದ್ದು ಸುಣ್ಣದಕಲ್ಲಿನ ಚಪ್ಪಡಿಗಳು, ಅವುಗಳ ಮೇಲೆ ಎಂಥ ಕೆತ್ತನೆ! ರಾಣಿಯ ಜೊತೆ ನಿಂತ ರಾಜನ ಚಪ್ಪಡಿಯಲ್ಲಿ ಅಶೋಕ ರಾಜನೆಂದು ಬರೆದೇ ಇದೆ. ಕಾಲ ಕೆಳಗಿನದೆಂದು ನಾವು ನಗುವ ಈ ಕಲ್ಲಿಗೆ ಎರಡು ಸಾವಿರ ವರ್ಷದ ಹಿಂದೆ ಆ ಯೋಗ್ಯತೆ ಇತ್ತು. ನಾನು ಕೊಡಿಸಹೊರಟದ್ದು ನೆಲದಿಂದ ಟೀಪಾಯಿಯ ಎತ್ತರಕ್ಕೆ, ಬರೀ ಇಪ್ಪತ್ತು ಇಂಚಿನ ಬಡ್ತಿ.

ಇನ್ನು ಬಡಿಗೇರ ಕಾಕಾ. ಸೇಡಮ್ಮಿನ ನಮ್ಮ ಓಣಿಯ ತುದಿಯಲ್ಲಿ ಬೇವಿನ ಗಿಡದ ಕೆಳಗೆ ಅವರ ಕೆಲಸ. ಬಂಡಿ, ಕೂರಿಗಿ, ಕುಂಟಿ ಮಾಡಿದ ಕೈ. ಈಗ ಬಂಡಿ ಹೋಗಿ ಟ್ರ್ಯಾಕ್ಟರ್ ಬಂದು, ಬಾಗಿಲು ಹೋಗಿ ರೆಡಿಮೇಡ್ ಬಾಗಿಲು ಬಂದು, ಕಾಕಾಗೆ ಉಳಿದದ್ದು ಅಡಿಗೆಮನೆಯ ಕಪಾಟು, ಮುರಿದ ಮಂಚ. ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ಮೊಬೈಲನ್ನು ದೂರ ಹಿಡಿದು ನೋಡಿದರು.

‘ಅಲ್ರೀ ಮಾಸ್ತರ್ರ, ಇದು ಕೂರಿಗಿ ಕೂಟ ಅದ. ಹೀಂಗ ತೂರಸಿ ಬೆಣಿ ಹೊಡಿಯೂದು ನಮ್ಮ ಅಪ್ಪ ಕಲಸ್ಯಾನ. ಜಾಲಿ ಕಟಗಿ ಇರ್ತಿತ್ತು, ಇದು ಯಾವ ಕಟಗಿ?’

‘ಓಕ್ ಅಂತ, ಅಮೆರಿಕದ್ದು.’

‘ಕೂಟ ಮುಚ್ಚಿಲ್ಲಲ್ಲ?’

‘ಮುಚ್ಚಬಾರದು. ಅದೇ ಅದರ ಚಂದ.’

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಂದು ಐವತ್ತು ವರ್ಷ ಕೂಟ ಮುಚ್ಚೂದರಾಗೇ ಹೋತು. ಕಂಡ್ರ ಗಿರಾಕಿ ಬೈತಾರ. ಪುಟ್ಟಿ ತುಂಬು, ಸನ್‌ಮೈಕಾ ಹಚ್ಚು ಅಂತಾರ. ಇದು ಚಲೋ ಅದ.’ ಯಾವಾಗ ಆಗುತ್ತದೆಂದು ಕೇಳಿದೆ. ‘ನೋಡೂಣ್ರಿ, ನನ್ನ ಕೈಲಾದಷ್ಟು ಮಾಡ್ತೀನಿ’ ಎಂದರು. ಸ್ಟಿಕ್ಲಿ ತನ್ನ ಮೇಜುಗಳಿಗೆ ಬಡಿಗರ ಕೈವಾರದ ಚಿತ್ರದೊಳಗೆ ಇದೇ ಅರ್ಥದ ಡಚ್ ಮಾತನ್ನು ಮುದ್ರೆ ಒತ್ತುತ್ತಿದ್ದ. ಅವನಿಗೆ ಅದು ಧ್ಯೇಯವಾಕ್ಯ. ಕಾಕಾಗೆ ಅದು ವಾಯಿದೆ ತಪ್ಪಿಸಿಕೊಳ್ಳುವ ದಾರಿ.

ಕಟ್ಟಿಗೆಯ ಪ್ರಶ್ನೆ ಬಂತು. ಚಿಂಚೋಳಿಯ ಕಾಡಿದೆಯಲ್ಲ ಎಂದು ಓಣಿಯ ಒಬ್ಬರು ಸಲಹೆ ಕೊಟ್ಟರು. ಅದೀಗ ವನ್ಯಜೀವಿ ಧಾಮ, ಅಲ್ಲಿ ಕಡ್ಡಿ ಮುಟ್ಟಿದರೂ ಪೆನ್ಶನ್ ನಿಲ್ಲುತ್ತದೆ ಎಂದೆ. ಕೊನೆಗೆ ಸಿಕ್ಕಿದ್ದು ಚಿಂಚೋಳಿಯದೇ, ಆದರೆ ಒಂದು ಕೆಡವಿದ ಮನೆಯದು. ಹಳೆಯ ಸಾಗವಾನಿ ಬಾಗಿಲಿನ ಚೌಕಟ್ಟು. ತಲೆಮಾರುಗಳ ಅರಿಷಿಣ ಕುಂಕುಮ ಹತ್ತಿ ಕಪ್ಪಾದದ್ದು. ಕಾಕಾ ಅದರಲ್ಲಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ರಂದಾ ಎಳೆದಾಗ ಒಳಗಿಂದ ಜೇನಿನ ಬಣ್ಣ ಬಂತು. ಇಷ್ಟು ಒಣಗಿದ ಕಟ್ಟಿಗೆ ಹೊಸದಾಗಿ ಕೊಂಡರೆ ಸಿಗುವುದಿಲ್ಲ ಎಂದು ತಾವೇ ಹೇಳಿಕೊಂಡರು.

ನನ್ನ ಲೆಕ್ಕ ಹೀಗಿತ್ತು: ಎತ್ತರ ಇಪ್ಪತ್ತು ಇಂಚು, ಮೇಲ್ಭಾಗ ಹದಿನೆಂಟು ಇಂಚಿನ ಚೌಕ, ಸುತ್ತ ಮೂರಿಂಚಿನ ಕಟ್ಟಿಗೆಯ ಅಂಚು, ನಡುವಿನ ಹನ್ನೆರಡು ಇಂಚಿನಲ್ಲಿ ನಾಲ್ಕು ಕಲ್ಲು, ನೀಲಿಗೆ ಹಳದಿ ಎದುರು. ಕಲ್ಲಿನ ಅಳತೆಗೆ ಒಂದು ಕೂದಲಿನಷ್ಟೂ ಸಂದು ಬಾರದಂತೆ ಕೂಡಿಸಿ, ಅಂಟು ಹಾಕಿ ಬಿಗಿಮಾಡಿ ಎಂದೆ. ಕಾಕಾ ಉಳಿ ಕೆಳಗಿಟ್ಟರು.

‘ಕಟಗಿ ಉಸರಾಡ್ತದ್ರಿ. ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಕುಗ್ಗತದ. ಕಲ್ಲ ಜಪ್ಪಂಗಿಲ್ಲ. ಇಬ್ಬರಿಗೂ ಬಿಗದು ಕಟ್ಟಿದ್ರ ಒಂದಿನ ಕಟಗಿ ಸೀಳತದ, ಇಲ್ಲಾ ಕಲ್ಲ ಬಿರೀತದ. ಜರ ಜಾಗ ಬಿಡೂಣು.’

ಉಷ್ಣ ವಿಸ್ತರಣೆಯನ್ನೂ, ಆರ್ದ್ರತೆಯನ್ನೂ ಬೋರ್ಡಿನ ಮೇಲೆ ಬರೆದು ವಿವರಿಸಿದವನು ನಾನು. ಗಾಲಿಗೆ ಕಬ್ಬಿಣದ ಪಟ್ಟಾ ಕಾಯಿಸಿ ಹಾಕಿ ನೀರು ಹೊಡೆದು ಬಿಗಿಸಿದವರು ಅವರು. ಅವರ ಮಾತೇ ನಡೆಯಿತು. ಅಂಚಿನ ಒಳಮೈಗೆ ಮೆಟ್ಟು ಕೊರೆದು, ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟು, ಅದರ ಮೇಲೆ ಹಲಗೆ ಕೂಡಿಸಿ, ಕಲ್ಲುಗಳನ್ನು ಬರೀ ಇಟ್ಟರು. ಸುತ್ತ ಹಳೆಯ ರೂಪಾಯಿ ನಾಣ್ಯ ನಿಲ್ಲುವಷ್ಟು ಸಂದು. ಬೇಕೆಂದರೆ ಕಲ್ಲನ್ನು ಎತ್ತಿ ತೊಳೆಯಬಹುದು. ಬೆಣೆ ಕಿತ್ತರೆ ಇಡೀ ಟೀಪಾಯಿ ಕಟ್ಟಿಗೆಯ ಒಂದು ಹೊರೆಯಾಗುತ್ತದೆ. ಮೊಳೆ ಒಂದೂ ಇಲ್ಲ.

ಬಣ್ಣದ ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವಾಯಿತು. ಸ್ಟಿಕ್ಲಿಯ ಕಾಲದವರು ಓಕ್ ಸಾಮಾನನ್ನು ಮುಚ್ಚಿದ ಕೋಣೆಯಲ್ಲಿಟ್ಟು ಅಮೋನಿಯಾದ ಹೊಗೆ ಕೊಡುತ್ತಿದ್ದರು. ಮರದೊಳಗಿನ ಟ್ಯಾನಿನ್ ಅದರ ಜೊತೆ ಕೂಡಿ ಬಣ್ಣ ತಾನಾಗಿ ಕಂದುತ್ತಿತ್ತು. ನಮ್ಮ ಪಕ್ಕದ ಬೀದರಿನಲ್ಲೂ ಇದರ ನಂಟಿದೆ. ಬಿದರಿಯವರು ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂಡಿಸಿದ ಮೇಲೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿ ಹಚ್ಚುತ್ತಾರೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಇದನ್ನೆಲ್ಲ ಹೇಳಿ, ಹಿತ್ತಲ ಕೋಣೆಯಲ್ಲಿ ಸ್ವಲ್ಪ ಅಮೋನಿಯಾ ಇಟ್ಟು ನೋಡೋಣವೆಂದೆ. ‘ಆ ಹೊಲಸು ವಾಸನಿ ಮನ್ಯಾಗ ತಂದ್ರ ನೀವು ಟೀಪಾಯಿ ಕೂಡಿ ಬೇವಿನ ಗಿಡದ ಬುಡಕ್ಕ ಮಲಗ್ರಿ’ ಎಂದಳು ನಮ್ಮಾಕಿ. ಕಾಕಾ ನಡುವೆ ಬಂದು ಅಗಸಿ ಎಣ್ಣೆ ಸಾಕೆಂದರು. ಹುರಿದು ಹಿಂಡಿ ಮಾಡಿ ರೊಟ್ಟಿಯ ಜೊತೆ ತಿನ್ನುವ ಅದೇ ಅಗಸಿ. ಅದರ ಎಣ್ಣೆ ಗಾಳಿ ತಾಗಿದರೆ ಕಟ್ಟಿಗೆಯೊಳಗೇ ಗಟ್ಟಿಯಾಗುತ್ತದೆ, ಯುರೋಪಿನ ಬಡಿಗರಿಗೂ ಚಿತ್ರಕಾರರಿಗೂ ಅದೇ ಬೇಕು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಅದನ್ನು ತಂತಿಗೆ ಹರವಿದ್ದೆವು, ನೆರೆಯವರು ಯಾರ ಅಂಗಿ ಇಷ್ಟು ಹೊಲಸೆಂದು ಕೇಳಿಹೋದರು.

ಟೀಪಾಯಿ ಮನೆಗೆ ಬಂದ ದಿನ ಅದರ ಮೇಲೆ ಹೊದಿಕೆ ಹಾಕಲು ನಮ್ಮಾಕಿ ಕೈ ಚಾಚಿದ್ದನ್ನು ನಾನು ತಡೆದೆ. ಹೊದಿಕೆ ಇಲ್ಲ, ಗಾಜು ಇಲ್ಲ, ಹೂವಿನ ಕುಂಡ ಇಲ್ಲ. ಇದರ ಮೇಲೆ ಚಹಾ ಇಡಬೇಕು. ಬಿಸಿ ಬಸಿ ಇಟ್ಟರೂ ಕಲ್ಲಿಗೆ ಏನೂ ಆಗುವುದಿಲ್ಲ. ಆಗುವುದು ಹುಳಿಯಿಂದ. ನಿಂಬೆಯ ಶರಬತ್ತು, ಹುಣಸೆ, ಮಜ್ಜಿಗೆ ಚೆಲ್ಲಿದರೆ ಸುಣ್ಣದಕಲ್ಲಿನ ಪಾಲಿಶು ತಿಂದು ಬಿಳಿ ಕಲೆ ಬೀಳುತ್ತದೆ. ಆಸಿಡ್ ಹಾಕಿ ಬಚ್ಚಲು ತೊಳೆಯುವವರು ಫರಸಿ ಒರಟಾಯಿತೆಂದು ಬೈಯುವುದು ಇದಕ್ಕೇ. ಹಾಗಾಗಿ ನಮ್ಮ ಟೀಪಾಯಿಯ ಮೇಲೆ ಚಹಾ ನಡೆಯುತ್ತದೆ, ನಿಂಬೆ ಚಹಾ ನಡೆಯುವುದಿಲ್ಲ. ಚಹಾಕ್ಕೆ ಮಾತ್ರ ಎಂಬ ಈ ಹೊಸ ಕಾಯದೆಯನ್ನೂ ಮುರಿದವಳು ನಮ್ಮಾಕಿಯೇ. ಕಲ್ಲು ತಂಪಾಗಿದೆ, ಮಟ್ಟವಾಗಿದೆ, ಕಣಕ ಅಂಟುವುದಿಲ್ಲ ಎಂದು ಕಂಡುಕೊಂಡು ಯುಗಾದಿಯ ಹೋಳಿಗೆಯನ್ನು ಅದರ ಮೇಲೆಯೇ ಲಟ್ಟಿಸಿದಳು. ಎಂದಿಗಿಂತ ತೆಳ್ಳಗೆ ಬಂದಿದ್ದವು, ಆದ್ದರಿಂದ ನಾನು ಮಾತಾಡಲಿಲ್ಲ.

ಹೆಸರು ಹಾಕಬೇಕೆಂದು ಕಾಕಾಗೆ ಹೇಳಿದ್ದೆ. ದೊಡ್ಡ ದೊಡ್ಡ ಕಾರ್ಯಾಗಾರದವರೆಲ್ಲ ತಮ್ಮ ಸಾಮಾನಿಗೆ ಗುರುತು ಒತ್ತುತ್ತಿದ್ದರು, ನೀವೂ ಏನಾದರೂ ಮಾಡಿ ಎಂದು. ಅವರು ಟೀಪಾಯಿ ತಿರುವಿ ಹಾಕಿ, ಕಿವಿಯಿಂದ ಪೆನ್ಸಿಲ್ ತೆಗೆದು, ಒಳಗಿನ ಹಲಗೆಯ ಮೇಲೆ ಹತ್ತು ಅಂಕಿ ಬರೆದರು. ಮೊಬೈಲ್ ನಂಬರು. ‘ಹೆಸರ ಯಾಕ್ರಿ? ಅಲುಗಾಡಿದ್ರ ಯಾರಿಗಿ ಕರೀಬೇಕು ಅಂತ ಗೊತ್ತಿದ್ರ ಸಾಕು.’

ಆ ನಂಬರು ಓದಬೇಕೆಂದರೆ ಫರಸಿಯ ಮೇಲೆ ಅಂಗಾತ ಮಲಗಿ ಟೀಪಾಯಿಯ ಕೆಳಗೆ ತಲೆ ತೂರಿಸಬೇಕು. ಹಬ್ಬಕ್ಕೆ ಬಂದ ನಮ್ಮ ಭಾವ ಊಟದ ಮೇಲೆ ಹಾಗೆ ಮಲಗಿದ್ದವರು ಓದಿಕೊಂಡು ಅಲ್ಲಿಂದಲೇ ಫೋನ್ ಹಚ್ಚಿದರು. ಎರಡು ಟೀಪಾಯಿಗೆ ಹೇಳಿದ್ದಾರೆ, ಸಾಗವಾನಿಯದೇ, ಬೆಣೆಯ ಕೂಟವೇ. ಕಲ್ಲು ಮಾತ್ರ ಬೇಡವಂತೆ, ಮನೆಗೆ ನಾಲ್ಕು ಮಂದಿ ಬಂದುಹೋಗುತ್ತಾರಂತೆ. ಆ ಜಾಗಕ್ಕೆ ಕಲಬುರಗಿಯಿಂದ ಟೈಲ್ಸ್ ತಂದುಕೊಡುತ್ತಾರೆ. ನ್ಯಾಚುರಲ್ ಸ್ಟೋನ್ ಲುಕ್ಕಿನದು.